ಜುಹೂವಿನ ಹಾರಾಟದ ಶಾಲೆ ಮತ್ತು ನಮ್ಮ ಮಕ್ಕಳು

ಜುಹೂ ಕಡಲತೀರವನ್ನು ಕಾಣದ ಕನ್ನಡಿಗನು ಮುಂಬಯಿಯಲ್ಲಿ ವಿರಳ. ಊರಿನಿಂದ ನೆಂಟರು ಬಂದರೆ ಮೊದಲ ಭಾನುವಾರದ ಸಂಜೆ ಅವರನ್ನು ಕರೆದೊಯ್ಯುವುದು ಅಲ್ಲಿಗೇ. ಮರಳಿನ ಮೇಲೆ ಕುಳಿತು ಭೇಲ್‌ಪುರಿ ತಿಂದು, ಅಲೆಗಳಿಗೆ ಕಾಲೊಡ್ಡಿ, ಕತ್ತಲಾದ ಮೇಲೆ ವಿಲೆಪಾರ್ಲೆ ಅಥವಾ ಸಾಂತಾಕ್ರೂಜ್ ಸ್ಟೇಷನ್ನಿನ ದಾರಿ ಹಿಡಿಯುವ ನಾವು, ಸಮೀಪದಲ್ಲೇ ಗೋಡೆಯಾಚೆಗೆ ಹರಡಿಕೊಂಡಿರುವ ವಿಶಾಲವಾದ ಬಯಲೊಂದನ್ನು ಕಂಡೂ ಕಾಣದವರಂತೆ ಮನೆಗೆ ಮರಳುತ್ತೇವೆ. ಹಿಂದೀ ಚಿತ್ರತಾರೆಯರ ಮನೆಗಳನ್ನು ನೆಂಟರಿಗೆ ಬೆರಳು ಮಾಡಿ ತೋರಿಸುವ ನಮಗೆ ಆ ಬಯಲನ್ನು ತೋರಿಸಬೇಕೆಂದು ತೋಚುವುದಿಲ್ಲ. ಆದರೆ ಭಾರತದ ನಾಗರಿಕ ವಿಮಾನಯಾನವು ಅಂಬೆಗಾಲಿಟ್ಟು ನಡೆದದ್ದು ಆ ಬಯಲಿನಲ್ಲಿ. ಅದಕ್ಕೆ ನಡೆಯಲು ಕಲಿಸಿದ ಶಾಲೆಯೆಂದರೆ ೧೯೨೮ರಲ್ಲಿ ಅಲ್ಲಿ ಹುಟ್ಟಿದ ಬಾಂಬೆ ಫ್ಲೈಯಿಂಗ್ ಕ್ಲಬ್ಬು.

ಹೊಟೇಲು ಕೆಲಸಗಾರರಿಗೂ ಗುಮಾಸ್ತರಿಗೂ ಮೀಸಲಾದ ಈ ಪತ್ರಿಕೆಗೆ ಹಾರಾಟದ ಕ್ಲಬ್ಬಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೂ ಆಗಿದೆ. ಇದಕ್ಕೆ ಉತ್ತರ ಹೇಳುವ ಮುನ್ನ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಈ ಪತ್ರಿಕೆಯ ಹೊಣೆ ಹೊರುವುದಕ್ಕೆ ಮುಂಚೆ, ಇಪ್ಪತ್ತು ವರ್ಷಗಳಿಗೂ ಹಿಂದೆ, ನಾವು ವಿಲೆಪಾರ್ಲೆಯ ಸಮೀಪ ಹೊಟೇಲು ನಡೆಸುತ್ತಿದ್ದೆವು. ಅಲ್ಲಿ ಕುಂದಾಪುರದ ಕಡೆಯ ಹುಡುಗನೊಬ್ಬನು ಹಗಲು ಕ್ಲೀನರನ ಕೆಲಸ ಮಾಡಿ ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದನು. ಜುಹೂವಿನಿಂದ ಎದ್ದು ಬರುವ ಇಬ್ಬರು ಕೂರುವ ಸಣ್ಣ ವಿಮಾನದ ಸದ್ದು ಕೇಳಿದರೆ ಸಾಕು, ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಓಡುತ್ತಿದ್ದನು. ಒಂದು ದಿನ ಗಲ್ಲೆಯ ಬಳಿ ನಿಂತು, “ಧನಿಗಳೇ, ಆ ವಿಮಾನ ಬಿಡ್ಲಿಕ್ಕೆ ಎಷ್ಟು ಕಲಿಬೇಕು?” ಎಂದು ಕೇಳಿದನು. “ಮೊದಲು ಮೂರನೇ ನಂಬ್ರದ ಟೇಬಲು ಒರಸು, ವಿಮಾನ ಆಮೇಲೆ ಬಿಡುವಿಯಂತೆ” ಎಂದೆವು. ಗಿರಾಕಿಗಳು ನಕ್ಕರು, ಮಾಣಿಗಳು ನಕ್ಕರು, ನಾವೂ ನಕ್ಕೆವು. ಹುಡುಗನು ಟೇಬಲು ಒರಸಿದನು. ಮತ್ತೆಂದೂ ಆ ಪ್ರಶ್ನೆ ಕೇಳಲಿಲ್ಲ.

ಆತನು ಈಗ ಠಾಣೆಯ ಹೊಟೇಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಾನೆ. ಇತ್ತೀಚೆಗೆ ಹನ್ನೆರಡನೆಯ ತರಗತಿಯಲ್ಲಿ ಓದುತ್ತಿರುವ ಮಗಳನ್ನು ಜತೆಗೆ ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದನು. “ಧನಿಗಳೇ, ನಾನು ಅಂದು ಕೇಳಿದ್ದನ್ನೇ ಇವಳು ಈಗ ಕೇಳುತ್ತಾಳೆ. ನನಗೆ ಗೊತ್ತಿಲ್ಲ. ನೀವು ಪತ್ರಿಕೆಯವರು, ತಿಳಿದು ಹೇಳಿ” ಎಂದನು. ಆತನ ಮಾತಿನಲ್ಲಿ ದೂರು ಇರಲಿಲ್ಲ. ಆದರೂ ನಮಗೆ ತಲೆಯೆತ್ತುವುದು ಕಷ್ಟವಾಯಿತು. ಎಸ್.ಎಸ್.ಎಲ್.ಸಿ.ಯಾಚೆಗೆ ಕಲಿಯದ ನಮಗೆ ಅಂದು ಉತ್ತರ ತಿಳಿದಿರಲಿಲ್ಲ ಎಂಬುದು ನಿಜ. ತಿಳಿಯದ್ದನ್ನು ತಿಳಿಯದು ಎನ್ನುವ ಬದಲು ನಗೆಯಿಂದ ಮುಚ್ಚಿದೆವೆಂಬುದು ತಪ್ಪು. ಆ ಹಳೆಯ ಸಾಲವನ್ನು ಇಂದು ತೀರಿಸಲು ಯತ್ನಿಸುತ್ತಿದ್ದೇವೆ.

ಕ್ಲಬ್ಬು ಹುಟ್ಟಿದ ಬಗೆ

ಮೊದಲನೆಯ ಮಹಾಯುದ್ಧ ಮುಗಿದು ಹತ್ತು ವರ್ಷ ಕಳೆಯುವ ಹೊತ್ತಿಗೆ ಯುರೋಪಿನಲ್ಲಿ ವಿಮಾನವು ಯುದ್ಧದ ಸಾಧನದ ಪಟ್ಟದಿಂದ ಇಳಿದು ಅಂಚೆಯನ್ನೂ ಪ್ರಯಾಣಿಕರನ್ನೂ ಒಯ್ಯುವ ವಾಹನವಾಗತೊಡಗಿತ್ತು. ಭಾರತದಲ್ಲಿ ನಾಗರಿಕ ವಿಮಾನಯಾನದ ಇಲಾಖೆ ಆರಂಭವಾದುದು ೧೯೨೭ರಲ್ಲಿ. ಅದೇ ಕಾಲಕ್ಕೆ ಭಾರತ ಮತ್ತು ಬರ್ಮಾ ಏರೋ ಕ್ಲಬ್ಬು ಸ್ಥಾಪಿತವಾಗಿ, ವಿಮಾನಚಾಲಕರಿಗೆ ಪರವಾನಗಿ ಕೊಡುವ ಅಧಿಕಾರವನ್ನು ಪಡೆಯಿತು. ಮರುವರ್ಷ ಮುಂಬಯಿ, ದಿಲ್ಲಿ, ಕಲಕತ್ತೆ, ಕರಾಚಿಗಳಲ್ಲಿ ಸರಕಾರದ ಸಹಾಯದಿಂದ ಹಾರಾಟದ ಕ್ಲಬ್ಬುಗಳು ತೆರೆದವು. ಜುಹೂವಿನ ಬಯಲು ವಿಮಾನನಿಲ್ದಾಣವಾದುದೂ ೧೯೨೮ರಲ್ಲೇ.

ನಿಲ್ದಾಣವೆಂದೊಡನೆ ವಾಚಕರು ಇಂದಿನ ಅಮೃತಶಿಲೆಯ ನೆಲವನ್ನೂ ಗಾಜಿನ ಗೋಡೆಗಳನ್ನೂ ಕಲ್ಪಿಸಿಕೊಳ್ಳಬಾರದು. ಅದು ಸಮುದ್ರದ ಮಗ್ಗುಲಿನ ಕೆಸರು ನೆಲ. ಮಳೆಗಾಲದಲ್ಲಿ ಇಡೀ ಬಯಲು ನೀರು ನಿಂತು ಕೆರೆಯಂತಾಗುತ್ತಿತ್ತು. ಅಲ್ಲಿ ಕಲಿಯುವವರಿಗೆ ದೊರೆತ ವಿಮಾನವಾದರೂ ಎಂಥದು? ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪೆನಿಯ ‘ಮಾತ್’. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ಕಟ್ಟಿದ ಜೋಡಿ ರೆಕ್ಕೆಯ ಯಂತ್ರವದು. ಹಿಂದೆ ಮುಂದೆ ಎರಡು ಆಸನಗಳು. ತಲೆಯ ಮೇಲೆ ಮಾಡಿಲ್ಲ. ಕಲಿಸುವವನೂ ಕಲಿಯುವವನೂ ಗಾಳಿಗೆ ಮುಖವೊಡ್ಡಿ ಕೂರಬೇಕು. ಮಾತ್ ಎಂದರೆ ದೀಪದ ಸುತ್ತ ಸುಳಿಯುವ ಪತಂಗ. ಆ ಹೆಸರು ಯಂತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತಿತ್ತು.

ಈ ಕ್ಲಬ್ಬಿನ ಮೊದಲ ವಿದ್ಯಾರ್ಥಿಗಳ ಸಾಲಿನಲ್ಲಿ ಇಪ್ಪತ್ತನಾಲ್ಕು ವರ್ಷದ ತರುಣ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಇದ್ದರು. ಇಂಗ್ಲಿಷ್ ಕಾಲುವೆಯನ್ನು ೧೯೦೯ರಲ್ಲಿ ವಿಮಾನದಿಂದ ದಾಟಿ ಲೋಕಪ್ರಸಿದ್ಧನಾದ ಲೂಯಿ ಬ್ಲೇರಿಯೋ ಎಂಬಾತನ ಮನೆ ಫ್ರಾನ್ಸಿನ ಸಮುದ್ರತೀರದಲ್ಲಿ ಟಾಟಾ ಕುಟುಂಬದ ಬಿಡಾರಕ್ಕೆ ನೆರೆಯಾಗಿತ್ತು. ಬಾಲಕನಿಗೆ ವಿಮಾನದ ಹುಚ್ಚು ಹತ್ತಿದುದು ಅಲ್ಲಿ. ಹುಚ್ಚು ತೀರಲು ಮಾತ್ರ ಮುಂಬಯಿಯ ಕ್ಲಬ್ಬು ಹುಟ್ಟುವ ತನಕ ಕಾಯಬೇಕಾಯಿತು. ಶಿಕ್ಷಕರೊಡನೆ ಮೂರೂವರೆ ತಾಸಿನಷ್ಟು ಹಾರಿ, ಅನಂತರ ಒಂಟಿಯಾಗಿ ಹಾರಿದ ಅವರು ೧೯೨೯ರ ಫೆಬ್ರವರಿ ೧೦ರಂದು ಪರವಾನಗಿ ಪಡೆದರು. ಅದರ ಮೇಲಿನ ಸಂಖ್ಯೆ ೧. ಭಾರತದಲ್ಲಿ ಪೈಲಟ್ ಪರವಾನಗಿ ಗಳಿಸಿದ ಮೊದಲ ಭಾರತೀಯನೆಂಬ ಕೀರ್ತಿ ಅವರದಾಯಿತು. ಆ ಕೀರ್ತಿಯಲ್ಲಿ ಜುಹೂವಿನ ಕೆಸರಿಗೂ ಪಾಲು ಸಂದಿತು.

ಮರುವರ್ಷ, ಎಂದರೆ ೧೯೩೦ರಲ್ಲಿ, ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಂಟಿಯಾಗಿ ಹಾರುವ ಭಾರತೀಯನಿಗೆ ಆಗಾ ಖಾನರು ಸಾರಿದ್ದ ೫೦೦ ಪೌಂಡುಗಳ ಬಹುಮಾನಕ್ಕೆ ಸ್ಪರ್ಧೆ ನಡೆಯಿತು. ಟಾಟಾ ಅವರು ಕರಾಚಿಯಿಂದ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ಹದಿನೇಳು ವರ್ಷದ ಹುಡುಗನು ಇಂಗ್ಲೆಂಡಿನಿಂದ ಹೊರಟನು. ಎದುರುಬದುರಾಗಿ ಹಾರುತ್ತಿದ್ದ ಸ್ಪರ್ಧಿಗಳು ಈಜಿಪ್ತಿನಲ್ಲಿ ಸಂಧಿಸಿದರು. ಹುಡುಗನ ಬಳಿ ಬದಲಿ ಸ್ಪಾರ್ಕ್ ಪ್ಲಗ್ಗುಗಳಿಲ್ಲದೆ ಪ್ರಯಾಣ ನಿಂತಿತ್ತು. ಟಾಟಾ ಅವರು ತಮ್ಮ ಬಳಿ ಇದ್ದುದನ್ನು ಕೊಟ್ಟರು. ಹುಡುಗನು ಮೊದಲು ಗುರಿ ಸೇರಿ ಬಹುಮಾನ ಗೆದ್ದನು. ಅದೇ ಆಸ್ಪಿ ಇಂಜಿನಿಯರ್ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಮುಖ್ಯಸ್ಥರಾಗಿ, ೧೯೬೦ರಲ್ಲಿ ಭಾರತದ ವಾಯುಪಡೆಗೆ ದಂಡನಾಯಕರಾದರು. ಗೆಲ್ಲುವ ಆಸೆಯುಳ್ಳವನೇ ಎದುರಾಳಿಗೆ ನೆರವಾದ ಈ ಸಂಗತಿಯನ್ನು ನಮ್ಮ ಹೊಟೇಲು ಉದ್ಯಮಿಗಳೂ ಸಂಘಸಂಸ್ಥೆಗಳವರೂ ಒಮ್ಮೆ ನೆನೆದರೆ ಹಾನಿಯಿಲ್ಲ.

ಅಂಚೆಯ ವಿಮಾನ ಬಳ್ಳಾರಿಗೆ ಬಂದುದು

ಕ್ಲಬ್ಬಿನಲ್ಲಿ ಕಲಿತ ವಿದ್ಯೆ ವಿನೋದಕ್ಕೇ ನಿಂತಿದ್ದರೆ ನಾವಿಂದು ಅದನ್ನು ಕುರಿತು ಬರೆಯುತ್ತಿರಲಿಲ್ಲ. ಆಗ ವಿಲಾಯಿತಿಯ ಅಂಚೆಯು ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿಯವರೆಗೆ ಬರುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಅದನ್ನು ವಿಮಾನದಲ್ಲೇ ಒಯ್ಯಬಹುದೆಂಬ ಯೋಜನೆಯನ್ನು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕನು ಮುಂದಿಟ್ಟನು. ಟಾಟಾ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ‘ಪಸ್ ಮಾತ್’ ಎಂಬ ಒಂಟಿ ಎಂಜಿನಿನ ವಿಮಾನದಲ್ಲಿ ೫೫ ಪೌಂಡು ತೂಕದ ಅಂಚೆಯನ್ನು ಹೇರಿಕೊಂಡು ಕರಾಚಿಯಿಂದ ಹೊರಟು, ಅಹಮದಾಬಾದಿನಲ್ಲಿ ಇಳಿದು, ಜುಹೂ ತಲುಪಿದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಪೆಟ್ರೋಲು ಬಂದುದು ಎತ್ತಿನ ಗಾಡಿಯ ಮೇಲೆ, ಡಬ್ಬಿಗಳಲ್ಲಿ!

ಜುಹೂವಿನಿಂದ ಮುಂದಕ್ಕೆ ವಿನ್ಸೆಂಟನು ಅಂಚೆಯನ್ನು ಮದರಾಸಿಗೆ ಒಯ್ದನು. ಒಯ್ದ ದಾರಿ ಯಾವುದು? ನಮ್ಮ ಬಳ್ಳಾರಿಯ ದಾರಿ. ಆಗ ಮದರಾಸು ಆಧಿಪತ್ಯದಲ್ಲಿದ್ದು ೧೯೫೩ರಲ್ಲಿ ಮೈಸೂರಿಗೆ ಸೇರಿದ ಬಳ್ಳಾರಿಯು, ಭಾರತದ ಮೊದಲ ವಿಮಾನ ಸಂಸ್ಥೆಯ ಮೊದಲ ಪ್ರಯಾಣದಲ್ಲೇ ಒಂದು ತಂಗುದಾಣವಾಗಿತ್ತು. ಈ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ? ಬಳ್ಳಾರಿ, ಹೊಸಪೇಟೆಗಳಿಂದ ಇಲ್ಲಿಗೆ ಬಂದು ಗಿರಣಿ, ಗೋದಿ, ಕಚೇರಿಗಳಲ್ಲಿ ದುಡಿದ ಕುಟುಂಬಗಳು ಈ ನಗರದಲ್ಲಿ ಅನೇಕ ಇವೆ. ತಮ್ಮ ಊರಿಗೂ ಜುಹೂವಿಗೂ ಇಂಥದೊಂದು ನಂಟು ಇದೆಯೆಂದು ಅವರು ತಮ್ಮ ಮಕ್ಕಳಿಗೆ ಹೇಳಬೇಕಲ್ಲವೆ?

ಆ ಸಂಸ್ಥೆಯ ಜುಹೂ ಕಚೇರಿಯು ಗರಿ ಹೊದಿಸಿದ ಜೋಪಡಿಯಾಗಿತ್ತು. ಮಳೆಗಾಲ ಬಂದಾಗ ಜುಹೂವನ್ನು ಬಿಟ್ಟು ಪುಣೆಯ ನೆಲವನ್ನು ಆಶ್ರಯಿಸುತ್ತಿದ್ದರು. ಮೊದಲ ವರ್ಷ ಹಾರಿದ ದೂರ ೧,೬೦,೦೦೦ ಮೈಲಿ. ಒಯ್ದ ಪ್ರಯಾಣಿಕರು ೧೫೫ ಜನ. ಲಾಭ ೬೦,೦೦೦ ರೂಪಾಯಿ. ಅದೇ ಸಂಸ್ಥೆ ೧೯೪೬ರಲ್ಲಿ ಏರ್ ಇಂಡಿಯಾ ಆಯಿತು, ೧೯೫೩ರಲ್ಲಿ ರಾಷ್ಟ್ರೀಕರಣಗೊಂಡಿತು, ೨೦೨೨ರ ಜನವರಿಯಲ್ಲಿ ಮರಳಿ ಟಾಟಾ ಮನೆತನದ ಸಂಸ್ಥೆಗೆ ಸೇರಿತು. ಮೊದಲ ಪ್ರಯಾಣದ ಐವತ್ತನೆಯ ವರ್ಷ, ೧೯೮೨ರಲ್ಲಿ, ಎಪ್ಪತ್ತೆಂಟರ ವಯಸ್ಸಿನ ಟಾಟಾ ಅವರು ಹಳೆಯ ‘ಲೆಪರ್ಡ್ ಮಾತ್’ ವಿಮಾನವನ್ನು ತಾವೇ ನಡೆಸಿ ಮತ್ತೊಮ್ಮೆ ಕರಾಚಿಯಿಂದ ಜುಹೂವಿಗೆ ಬಂದಿಳಿದರು. ಅಷ್ಟು ದೊಡ್ಡ ಉದ್ಯಮಪತಿಗೆ ಆ ವಯಸ್ಸಿನಲ್ಲಿ ಹೊಸದಾಗಿ ಸಂಪಾದಿಸಬೇಕಾದ ಕೀರ್ತಿ ಯಾವುದೂ ಇರಲಿಲ್ಲ. ಕಲಿತ ವಿದ್ಯೆಯ ಮೇಲಿನ ಪ್ರೀತಿ ಅವರನ್ನು ಆಕಾಶಕ್ಕೆ ಎಳೆಯಿತು. ನಲವತ್ತು ವರ್ಷ ಗಲ್ಲೆಯ ಮೇಲೆ ಕೂತ ನಮ್ಮ ಹಿರಿಯರು ಹಬ್ಬದ ದಿನ ಒಲೆಯ ಮುಂದೆ ತಾವೇ ನಿಂತು ದೋಸೆಕಾವಲಿಗೆ ಹಿಟ್ಟು ಹೊಯ್ಯುವುದನ್ನು ಕಂಡವರಿಗೆ ಈ ಮಾತು ಅರ್ಥವಾದೀತು.

ಯುದ್ಧಾನಂತರ ದೊಡ್ಡ ವಿಮಾನಗಳು ಪಕ್ಕದ ಸಾಂತಾಕ್ರೂಜಿಗೆ ಹೋದವು. ಜುಹೂವಿನಲ್ಲಿ ಕ್ಲಬ್ಬಿನ ಹಕ್ಕಿಮರಿಗಳು ಉಳಿದವು. ಎರಡೂ ನಿಲ್ದಾಣಗಳು ಒಂದಕ್ಕೊಂದು ಎಷ್ಟು ಸಮೀಪವೆಂದರೆ, ೧೯೫೩ರ ಜುಲೈಯಲ್ಲಿ ಬ್ರಿಟಿಷ್ ‘ಕಾಮೆಟ್’ ಜೆಟ್ ವಿಮಾನವೂ, ೧೯೭೨ರ ಸೆಪ್ಟೆಂಬರಿನಲ್ಲಿ ಜಪಾನಿನ ಒಂದು ದೊಡ್ಡ ಜೆಟ್ ವಿಮಾನವೂ ಸಾಂತಾಕ್ರೂಜೆಂದು ಭ್ರಮಿಸಿ ಜುಹೂವಿನ ಗಿಡ್ಡ ಓಡುಪಥದ ಮೇಲೆ ಇಳಿದುಬಿಟ್ಟವು. ಕಾಮೆಟ್ಟನ್ನು ಒಂಬತ್ತು ದಿನಗಳ ಮೇಲೆ ಹೇಗೋ ಹಾರಿಸಿಕೊಂಡು ಹೋದರು. ಜಪಾನಿನ ವಿಮಾನವು ಓಡುಪಥವನ್ನು ಮೀರಿ ಓಡಿ ಮುರಿದು ನಿಂತಿತು, ದೈವವಶಾತ್ ಪ್ರಾಣಹಾನಿಯಾಗಲಿಲ್ಲ. ಮೊದಲ ಬಾರಿಗೆ ಮುಂಬಯಿಗೆ ಬಂದು ದಾದರಿನಲ್ಲಿ ತಪ್ಪು ಪ್ಲ್ಯಾಟ್‌ಫಾರ್ಮಿಗೆ ಇಳಿದ ನಮ್ಮವರು ಇದನ್ನು ಓದಿ ಸಮಾಧಾನ ಪಡಬಹುದು.

ಆಕರ್ಷಣೆಯ ಗುಟ್ಟು

ಇಂಥ ಕ್ಲಬ್ಬಿನಲ್ಲಿ ಜನರನ್ನು ಸೆಳೆಯುವ ಗುಣವಾದರೂ ಯಾವುದು? ಎತ್ತರದಿಂದ ನಗರವನ್ನು ನೋಡುವ ಸಂತೋಷ ಒಂದು. ಚಾಳುಗಳು, ಗಿರಣಿಗಳು, ಸ್ಟೇಷನ್ನುಗಳು, ನಾವು ಹಗಲಿರುಳು ಬೆವರು ಸುರಿಸುವ ಬೀದಿಗಳು ಎಲ್ಲವೂ ಅಂಗೈಯಗಲದ ಚಿತ್ರವಾಗಿ ಕಾಣುತ್ತವೆ. ಆದರೆ ಅದು ಪ್ರಯಾಣಿಕನಿಗೂ ದೊರೆಯುವ ಸಂತೋಷ. ಕಲಿಯುವವನಿಗೆ ಬೇರೊಂದಿದೆ. ಶಿಕ್ಷಕನು ತನ್ನ ಆಸನದಿಂದಿಳಿದು, ‘ಇನ್ನು ನೀನೊಬ್ಬನೇ ಹೋಗು’ ಎಂದು ಕಳುಹಿಸುವ ದಿನ ಅದು. ನಿಲ್ದಾಣದ ಸುತ್ತ ಒಂದು ಸುತ್ತು, ಕೆಲವೇ ನಿಮಿಷಗಳ ಹಾರಾಟ. ಆ ನಿಮಿಷಗಳಲ್ಲಿ ಪಕ್ಕದಲ್ಲಿ ಯಾರೂ ಇಲ್ಲ, ಶಿಫಾರಸು ಇಲ್ಲ, ತಂದೆಯ ಹೆಸರು ಕೆಲಸಕ್ಕೆ ಬಾರದು. ಗಾಳಿಗೆ ಹಣವಂತನ ಮಗನಾರು, ಮಾಣಿಯ ಮಗನಾರು ಎಂಬ ಭೇದ ತಿಳಿಯದು. ಕೈ ಸರಿಯಾಗಿ ಕೆಲಸ ಮಾಡಿದರೆ ವಿಮಾನ ಇಳಿಯುತ್ತದೆ. ತಪ್ಪಿದರೆ ಯಾರ ಹೆಸರೂ ಕಾಯದು.

ಹಾರಿದ ಪ್ರತಿಯೊಂದು ಗಂಟೆಯನ್ನೂ ಅಲ್ಲಿ ಲಾಗ್ ಪುಸ್ತಕದಲ್ಲಿ ಬರೆದಿಡುತ್ತಾರೆ. ಯಾವ ದಿನ, ಯಾವ ವಿಮಾನ, ಶಿಕ್ಷಕನೊಡನೆಯೋ ಒಂಟಿಯಾಗಿಯೋ, ಎಷ್ಟು ಹೊತ್ತು ಎಂಬುದೆಲ್ಲವೂ ಅದರಲ್ಲಿ ಇರತಕ್ಕದ್ದು. ದಿನದ ಲೆಕ್ಕವನ್ನು ದಿನವೇ ಬರೆದು ಮಲಗುವ ಗುಮಾಸ್ತರಿಗೂ, ಉಗ್ರಾಣದ ಅಕ್ಕಿ, ಉದ್ದು, ಎಣ್ಣೆಗಳ ಖರ್ಚು ಬರೆಯುವ ನಮ್ಮ ಹೊಟೇಲಿನವರಿಗೂ ಈ ಶಿಸ್ತು ಹೊಸದಲ್ಲ. ಹಾರಾಟವೆಂದರೆ ಎದೆಗಾರಿಕೆಯೆಂದು ಲೋಕ ತಿಳಿದಿದೆ. ಬಲ್ಲವರನ್ನು ಕೇಳಿದರೆ ಅದು ಬಹುಪಾಲು ಜಾಗರೂಕತೆ. ಎಂಜಿನು, ಎಣ್ಣೆ, ಗಾಳಿ, ಮೋಡ ಇವನ್ನು ಹೊರಡುವ ಮೊದಲೇ ಪರೀಕ್ಷಿಸುವ ಅಭ್ಯಾಸ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ, ನೀರು, ಹಿಟ್ಟು ನೋಡಿಕೊಂಡೇ ಬಾಗಿಲು ತೆರೆಯುವ ಜನಕ್ಕೆ ಈ ಗುಣವನ್ನು ಬೇರೆ ಕಲಿಸಬೇಕಾಗಿಲ್ಲ.

ನಮ್ಮ ನಾಡಿಗೂ ಈ ಕ್ಲಬ್ಬುಗಳಿಗೂ ಉಳ್ಳ ನಂಟು ಬಳ್ಳಾರಿಗೆ ಮುಗಿಯುವುದಿಲ್ಲ. ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಉದ್ಯಮ ಬೆಳೆಸಿದ ವಾಲಚಂದ್ ಹೀರಾಚಂದರು ವಿಮಾನ ಕಾರ್ಖಾನೆಗೆ ನೆಲ ಹುಡುಕುತ್ತಿದ್ದಾಗ ಮೈಸೂರು ಸಂಸ್ಥಾನವು ಭೂಮಿಯನ್ನೂ ಬಂಡವಾಳವನ್ನೂ ಒದಗಿಸಿತು. ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಖಾನೆ ಹುಟ್ಟಿತು. ಅಲ್ಲಿ ತಯಾರಾದ ಎಚ್.ಟಿ.-೨ ಎಂಬ ತರಬೇತಿ ವಿಮಾನವು ೧೯೫೧ರಲ್ಲಿ ಮೊದಲು ಹಾರಿತು. ೧೯೫೮ರಲ್ಲಿ ಹಾರಿದ ‘ಪುಷ್ಪಕ’ವೆಂಬ ಎರಡು ಆಸನದ ಪುಟ್ಟ ವಿಮಾನವಂತೂ ಮುಖ್ಯವಾಗಿ ಹಾರಾಟದ ಕ್ಲಬ್ಬುಗಳಿಗೆಂದೇ ಕಟ್ಟಿದುದು. ಸುಮಾರು ನೂರೈವತ್ತು ಪುಷ್ಪಕಗಳು ದೇಶದ ನಾನಾ ಕ್ಲಬ್ಬುಗಳಿಗೆ ಹೋಗಿ, ಒಂದು ಇಡೀ ಪೀಳಿಗೆಯ ವೈಮಾನಿಕರಿಗೆ ಅಕ್ಷರಾಭ್ಯಾಸ ಮಾಡಿಸಿದವು. ಬೆಂಗಳೂರಿನ ಜಕ್ಕೂರಿನಲ್ಲಿ ೧೯೪೮ರಲ್ಲಿ ಹುಟ್ಟಿದ ಸರಕಾರಿ ವೈಮಾನಿಕ ತರಬೇತಿ ಶಾಲೆಯೂ ಇದೇ ಪರಂಪರೆಯದು. ೨೦೦೩ರಲ್ಲಿ ಅಗ್ಗದ ದರದ ವಿಮಾನಯಾನವನ್ನು ಆರಂಭಿಸಿ, ಜನಸಾಮಾನ್ಯನನ್ನು ವಿಮಾನ ಹತ್ತಿಸಿದ ಕ್ಯಾಪ್ಟನ್ ಗೋಪಿನಾಥರು ಹಾಸನ ಜಿಲ್ಲೆಯ ಗೊರೂರಿನವರು.

ದಕ್ಷಿಣ ಕನ್ನಡದ ಹಿರಿಯರು ಮುಂಬಯಿಗೆ ಬಂದುದು ಮಂಗಳೂರಿನ ಹಡಗಿನಲ್ಲಿ. ಆಮೇಲೆ ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ. ೧೯೯೮ರಿಂದ ಈಚೆಗೆ ಕೊಂಕಣ ರೈಲಿನಲ್ಲಿ. ಬಜಪೆಯ ನಿಲ್ದಾಣವು ೧೯೫೧ರ ಡಿಸೆಂಬರ್ ೨೫ರಂದು ಪಂಡಿತ ನೆಹರೂ ಅವರ ಆಗಮನದೊಂದಿಗೆ ತೆರೆಯಿತು. ಅಂದು ವಿಮಾನವನ್ನು ನೋಡುವುದಕ್ಕೇ ಜನ ಹೋಗುತ್ತಿದ್ದರು. ಇಂದು ಮದುವೆಗೆ, ಭೂತಕೋಲಕ್ಕೆ, ತಾಯಿಗೆ ಸೌಖ್ಯವಿಲ್ಲವೆಂಬ ಸುದ್ದಿ ಬಂದಾಗ ನಮ್ಮವರು ವಿಮಾನದಲ್ಲಿ ಊರಿಗೆ ಹೋಗುತ್ತಾರೆ. ಹಿಂದಿನ ಆಸನದವರೆಗೆ ಬಂದೆವು. ಮುಂದಿನ ಆಸನಕ್ಕೆ ನಮ್ಮ ಮಕ್ಕಳು ಹೋಗುವುದು ಯಾವಾಗ?

ಹುಡುಗಿಗೆ ಉತ್ತರ

ಈಗ ಠಾಣೆಯ ಹುಡುಗಿಯ ಪ್ರಶ್ನೆಗೆ ಬರೋಣ. ಹದಿನಾರು ವರ್ಷ ತುಂಬಿ ಹತ್ತನೆಯ ತರಗತಿ ಪಾಸಾದವರು ವಿದ್ಯಾರ್ಥಿ ಪರವಾನಗಿಗೆ ಅರ್ಹರು. ಹದಿನೇಳು ವರ್ಷವಾದವರು ಕನಿಷ್ಠ ೪೦ ಗಂಟೆ ಹಾರಿ, ಪರೀಕ್ಷೆ ಪಾಸುಮಾಡಿ, ಖಾಸಗಿ ಪೈಲಟ್ ಪರವಾನಗಿ ಪಡೆಯಬಹುದು. ಎಂದರೆ, ಅಂದು ನಾವು ನಗೆಯಾಡಿ ಕಳುಹಿಸಿದ ಹುಡುಗನು ರಾತ್ರಿಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದರೆ ವಿದ್ಯೆಯ ಮಟ್ಟಿಗೆ ಅವನಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ! ಹಾರಾಟವನ್ನೇ ವೃತ್ತಿಯಾಗಿ ಮಾಡಿಕೊಳ್ಳಲು ಬೇಕಾದ ವಾಣಿಜ್ಯ ಪರವಾನಗಿಗೆ ಹದಿನೆಂಟು ವರ್ಷವಾಗಿರಬೇಕು, ಹನ್ನೆರಡನೆಯ ತರಗತಿ ಮುಗಿದಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ದೇಹ ದೃಢವೆನಿಸಬೇಕು, ೨೦೦ ಗಂಟೆ ಹಾರಿರಬೇಕು; ದಿಕ್ಕು ಕಂಡುಹಿಡಿಯುವ ಶಾಸ್ತ್ರ, ಹವಾಮಾನ, ವಾಯುಯಾನದ ಕಾನೂನು, ಯಂತ್ರಜ್ಞಾನ ಇವುಗಳ ಪರೀಕ್ಷೆಗಳನ್ನು ಗೆಲ್ಲಬೇಕು. ಫೀ ಕಟ್ಟುವುದಕ್ಕೆ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಕಣ್ಣು ಕಿವಿಗಳ ದೋಷ ಆಮೇಲೆ ತಿಳಿದರೆ ಹಣವೂ ಹೋಯಿತು, ಕಾಲವೂ ಹೋಯಿತು.

ಹೆಣ್ಣುಮಕ್ಕಳಿಗೆ ಇದು ಆಗುವ ಕೆಲಸವೇ ಎಂಬ ಶಂಕೆ ಕೆಲವು ತಾಯ್ತಂದೆಗಳಿಗೆ ಉಂಟು. ಸರಳಾ ಠಕ್ರಾಲ್ ಎಂಬ ಇಪ್ಪತ್ತೊಂದು ವರ್ಷದ ಗೃಹಿಣಿ, ಒಂದು ಮಗುವಿನ ತಾಯಿ, ೧೯೩೬ರಲ್ಲಿ ಲಾಹೋರಿನ ಕ್ಲಬ್ಬಿನಲ್ಲಿ ಸೀರೆ ಉಟ್ಟೇ ವಿಮಾನ ಹಾರಿಸಿದರು. ೧೯೪೭ರಲ್ಲಿ ವಾಣಿಜ್ಯ ಪರವಾನಗಿ ಪಡೆದ ಪ್ರೇಮ್ ಮಾಥುರರನ್ನು ಹಲವು ಸಂಸ್ಥೆಗಳು ಹೆಂಗಸೆಂಬ ಕಾರಣಕ್ಕೆ ನಿರಾಕರಿಸಿದವು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕೆಲಸ ಕೊಟ್ಟಿತು. ಇಂದು ಭಾರತದ ಪೈಲಟ್ಟುಗಳಲ್ಲಿ ಶೇಕಡಾ ೧೫ರ ಆಸುಪಾಸು ಮಹಿಳೆಯರು. ಈ ವಿಷಯದಲ್ಲಿ ನಮ್ಮ ದೇಶ ಲೋಕಕ್ಕೇ ಮುಂದಿದೆ. ಶಂಕೆಗೆ ಈ ಒಂದು ಅಂಕೆ ಸಾಕು.

ಅಡ್ಡಿ ಇರುವುದು ಹಣದ್ದು. ವಾಣಿಜ್ಯ ಪರವಾನಗಿ ಕೈಸೇರುವ ಹೊತ್ತಿಗೆ ಹತ್ತಾರು ಲಕ್ಷ ರೂಪಾಯಿ ಕರಗುತ್ತದೆ. ಗಲ್ಲೆಯ ಮೇಲೆ ಕೂರುವವನ ಸಂಬಳದಲ್ಲಿ ಇದು ಆಗುವ ಮಾತಲ್ಲ. ಪರವಾನಗಿ ಪಡೆದೊಡನೆ ಕೆಲಸ ಕಾದಿರುತ್ತದೆ ಎಂಬುದೂ ಸುಳ್ಳು. ಜೆಟ್ ಏರ್‌ವೇಸ್ ೨೦೧೯ರಲ್ಲಿ ನಿಂತಾಗ, ೨೦೨೦ರ ಮಹಾಮಾರಿಯಲ್ಲಿ ಆಕಾಶವೇ ಬರಿದಾದಾಗ ಅನುಭವಸ್ಥ ಪೈಲಟ್ಟುಗಳೇ ಮನೆಯಲ್ಲಿ ಕೂತರು. ಆಸ್ತಿ ಅಡವಿಟ್ಟು, ಊರಿನ ಗದ್ದೆ ಮಾರಿ ಮಗುವನ್ನು ಕಳುಹಿಸಿರೆಂದು ನಾವು ಯಾರಿಗೂ ಹೇಳಲಾರೆವು. ಸರಕಾರದ್ದೇ ಆದ ಅಕಾಡೆಮಿ ಉತ್ತರ ಪ್ರದೇಶದ ಫುರ್ಸತ್‌ಗಂಜಿನಲ್ಲಿದೆ. ಅಲ್ಲಿಗೆ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ. ವಿಮಾನದ ದುರಸ್ತಿ ಪರೀಕ್ಷೆಗಳ ತಂತ್ರಜ್ಞ ವಿದ್ಯೆಗೆ ವೆಚ್ಚ ಕಡಿಮೆ. ಅದೂ ಗೌರವದ ವೃತ್ತಿಯೇ. ನೆಲದ ಮೇಲೆ ಯಂತ್ರವನ್ನು ಸರಿಯಾಗಿಡುವ ಕೈಯಿಲ್ಲದೆ ಆಕಾಶದಲ್ಲಿ ಯಾವ ಶೂರನೂ ಉಳಿಯಲಾರನು.

ಆಗಬೇಕಾದುದೇನು?

ಕೆಲವರು ಹೇಳಿಯಾರು: ಬಡವರಿಗೆ ಅನ್ನ, ವಸತಿ, ಔಷಧಗಳ ಚಿಂತೆ ಇರುವಾಗ ವಿಮಾನದ ಮಾತು ವಿಲಾಸವಲ್ಲವೆ? ನಮ್ಮ ಹಿರಿಯರು ಈ ನಗರದಲ್ಲಿ ರಾತ್ರಿಶಾಲೆಗಳನ್ನು ಕಟ್ಟಿದಾಗಲೂ ಇದೇ ಬಗೆಯ ಮಾತು ಕೇಳಿಬಂದಿರಬೇಕು. ತಟ್ಟೆ ತೊಳೆಯುವ ಹುಡುಗನಿಗೆ ಇಂಗ್ಲಿಷೇಕೆ, ಬೀಜಗಣಿತವೇಕೆ ಎಂದು. ಅವರು ಆ ಮಾತಿಗೆ ಕಿವಿಗೊಡದೆ ದೀಪ ಹೊತ್ತಿಸಿದುದರಿಂದ ಆ ಶಾಲೆಗಳಿಂದ ಬ್ಯಾಂಕಿನವರು, ವಕೀಲರು, ವೈದ್ಯರು, ಉಪಾಧ್ಯಾಯರು ಹೊರಬಂದರು. ಅನ್ನದ ಚಿಂತೆ ತೀರಿದ ಮೇಲೆ ವಿದ್ಯೆಯೆಂದು ಕಾದು ಕೂತಿದ್ದರೆ ಎರಡೂ ಬರುತ್ತಿರಲಿಲ್ಲ.

ಕ್ಲಬ್ಬು ಹಣವಂತರದು ಎಂಬ ಮಾತನ್ನೂ ಪೂರ್ಣ ಒಪ್ಪಲಾಗದು. ಆರಂಭದಲ್ಲಿ ಅದರ ಸದಸ್ಯರು ಸಾಹೇಬರೂ ಶ್ರೀಮಂತರೂ ಆಗಿದ್ದರು ಎಂಬುದು ದಿಟ. ಆದರೆ ಇಂಥ ಕ್ಲಬ್ಬುಗಳು ಮೊದಲ ದಿನದಿಂದಲೂ ಸರಕಾರದ ಸಹಾಯಧನ ಪಡೆದಿವೆ. ಆ ಹಣ ಉಪ್ಪಿಗೂ ಸುಂಕ ತೆತ್ತ ಜನರದು. ಪ್ರಜೆಗಳ ದುಡ್ಡಿನಿಂದ ಎದ್ದ ಶಾಲೆಯ ಬಾಗಿಲು ಪ್ರಜೆಗಳ ಮಕ್ಕಳಿಗೆ ತೆರೆಯಬೇಕೆಂದು ಕೇಳುವುದು ಭಿಕ್ಷೆಯಲ್ಲ.

ಜುಹೂವಿನ ಮೇಲಿನ ಆಕಾಶದಲ್ಲಿ ಪಕ್ಕದ ದೊಡ್ಡ ನಿಲ್ದಾಣದ ವಿಮಾನಗಳ ಸಂದಣಿ ಹೆಚ್ಚಿದುದರಿಂದ ಕ್ಲಬ್ಬಿನ ಹಾರಾಟದ ತರಬೇತಿ ಇಂದು ಮುನ್ನೂರು ಕಿಲೋಮೀಟರಿಗೂ ದೂರದ ಧುಳೆಗೆ ಸರಿದಿದೆ. ಜುಹೂವಿನಿಂದ ಮುಖ್ಯವಾಗಿ ಹೆಲಿಕಾಪ್ಟರುಗಳು ಹಾರುತ್ತವೆ. ಸಮುದ್ರದ ಎಣ್ಣೆಬಾವಿಗಳಿಗೆ ಕೆಲಸಗಾರರನ್ನು ಒಯ್ದು ತರುತ್ತವೆ. ಸುತ್ತಲೂ ಕಟ್ಟಡಗಳು ಎದ್ದು ನಿಂತಿವೆ. ಚದರಡಿಯ ಲೆಕ್ಕದಲ್ಲಿ ನೆಲವನ್ನು ಅಳೆಯುವ ಈ ನಗರದಲ್ಲಿ ಅಷ್ಟು ವಿಶಾಲವಾದ ಬಯಲು ಕಣ್ಣು ಕುಕ್ಕುವುದು ಸಹಜ. ಆದರೂ ದೇಶದ ನಾಗರಿಕ ವಿಮಾನಯಾನದ ಈ ತವರನ್ನು ಕಾಪಾಡುವುದು ಸರಕಾರದ ಕರ್ತವ್ಯ. ಅಲ್ಲಿ ಮೊದಲ ಅಂಚೆ ವಿಮಾನದ ಕಥೆಯನ್ನು ಶಾಲೆಯ ಮಕ್ಕಳು ಬಂದು ನೋಡಿ ಓದುವಂಥ ಏರ್ಪಾಡು ಇರಬೇಕು. ತಿಂಗಳಲ್ಲಿ ಒಂದು ದಿನವಾದರೂ ನಗರಪಾಲಿಕೆಯ ಶಾಲೆಗಳ ಮಕ್ಕಳಿಗೆ ಬಾಗಿಲು ತೆರೆಯಬೇಕು.

ಸರಕಾರಕ್ಕೆ ಹೇಳಿದುದಾಯಿತು. ಇನ್ನು ನಮಗೆ ನಾವು ಹೇಳಿಕೊಳ್ಳೋಣ. ಮುಂಬಯಿ, ಪುಣೆ, ಠಾಣೆಗಳಲ್ಲಿ ನಮ್ಮ ಸಂಘಗಳಿಗೆ ಬರವಿಲ್ಲ. ಪ್ರತಿ ವರ್ಷವೂ ವಾರ್ಷಿಕೋತ್ಸವಗಳು ನಡೆಯುತ್ತವೆ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆಗಳ ವಿತರಣೆಯಾಗುತ್ತದೆ. ಊಟದ ಪಂಕ್ತಿಗಳು ಏಳುತ್ತವೆ. ಅವನ್ನು ನಿಲ್ಲಿಸಿರೆಂದು ನಾವು ಹೇಳುವುದಿಲ್ಲ. ಪಂಕ್ತಿಯ ಊಟ ಬಡಿಸಿಯೇ ಬೆಳೆದವರು ನಾವು. ಆದರೆ ಹತ್ತು ಸಂಘಗಳು ಒಂದುಗೂಡಿ, ಶಾಲುಗಳ ವೆಚ್ಚದಲ್ಲಿ ಅರ್ಧವನ್ನು ಒಂದು ನಿಧಿಗೆ ಹಾಕಿದರೆ, ಎರಡು ವರ್ಷಕ್ಕೊಮ್ಮೆಯಾದರೂ ಅರ್ಹತೆ ನೋಡಿ ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ವೈಮಾನಿಕ ಶಿಕ್ಷಣಕ್ಕೆ ಕಳುಹಿಸಲಾಗದೆ? ಪೂರ್ತಿ ವೆಚ್ಚ ಆಗದಿದ್ದರೆ ವೈದ್ಯಕೀಯ ಪರೀಕ್ಷೆಯ ಖರ್ಚು, ಪರೀಕ್ಷೆಯ ಪುಸ್ತಕ, ಪ್ರವೇಶದ ಫೀ, ಬ್ಯಾಂಕಿನ ಸಾಲಕ್ಕೆ ಒಂದು ಜಾಮೀನು, ಇವಾದರೂ ಆಗಬಾರದೆ? ನೆರವು ಪಡೆದವರು ಕೆಲಸಕ್ಕೆ ಸೇರಿದ ಮೇಲೆ ಕಂತಿನಲ್ಲಿ ಮರಳಿ ಕೊಟ್ಟರೆ ಮುಂದಿನವರಿಗೆ ದಾರಿಯಾಗುತ್ತದೆ. ಟಾಟಾ ಅವರು ಎದುರಾಳಿಗೆ ಸ್ಪಾರ್ಕ್ ಪ್ಲಗ್ಗು ಕೊಟ್ಟರು. ನಾವು ನಮ್ಮ ಮಕ್ಕಳಿಗೆ ಕೊಡಲಾರೆವೆ?

ಠಾಣೆಯ ಆ ಹುಡುಗಿಗೆ ಈ ಸಂಗತಿಗಳನ್ನು ನಾವು ಕಾಗದದ ಮೇಲೆ ಬರೆದುಕೊಟ್ಟಿದ್ದೇವೆ. ವೈದ್ಯಕೀಯ ಪರೀಕ್ಷೆಯ ವೆಚ್ಚವನ್ನು ಹಳೆಯ ಧನಿಯ ಬಾಕಿಯೆಂದು ತಿಳಿದು ನಾವೇ ಕೊಡುವುದಾಗಿ ಅವಳ ತಂದೆಗೆ ಹೇಳಿದ್ದೇವೆ. ಅವಳು ಪೈಲಟ್ ಆಗುವಳೋ, ಯಂತ್ರಜ್ಞೆಯಾಗುವಳೋ, ಬೇರಾವುದೋ ದಾರಿ ಹಿಡಿಯುವಳೋ ನಾವು ಅರಿಯೆವು. ಆದರೆ ನಮ್ಮ ವಾಚಕರಾದ 
ಮಾಲಕರಲ್ಲಿಯೂ ಮ್ಯಾನೇಜರರಲ್ಲಿಯೂ ಒಂದು ವಿಜ್ಞಾಪನೆ ಇದೆ. ನಾಳೆ ನಿಮ್ಮ ಹೊಟೇಲಿನ ಹುಡುಗನು ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಆಕಾಶ ನೋಡುತ್ತ ನಿಂತಿದ್ದರೆ, ಒಂದು ನಿಮಿಷ ನಿಲ್ಲಗೊಡಿ. ಅವನು ಏನಾದರೂ ಕೇಳಿದರೆ ನಗಬೇಡಿ. ಉತ್ತರ ತಿಳಿಯದಿದ್ದರೆ ನಮಗೆ ಒಂದು ಕಾರ್ಡು ಬರೆಯಿರಿ.